ಕಾರಿನ ಬಾಗಿಲಿಗೆ ಬರುತ್ತಿದ್ದ ಗೊರವಂಕ

ಕಾರಿನ ಕನ್ನಡಿಯ ಮೇಲೆ ಕೂತು ಗಾಜು ಕುಕ್ಕುತ್ತಿದ್ದ ಗೊರವಂಕ ಹಕ್ಕಿಯನ್ನು ಓಡಿಸಲು ನಾನು ಒದ್ದೆ ಬಟ್ಟೆ ಬೀಸಿದೆ. ಜುಬೇದಾ ಅಮ್ಮ ತಟ್ಟನೆ ನನ್ನ ಕೈ ಹಿಡಿದರು.

“ತಡಿ ಮಗಾ, ಓಡಿಸಬ್ಯಾಡ. ಅದರ ಕುಂಟುಕಾಲು ನೋಡು. ನಮ್ಮನೆಯವ್ರು ದಿನಾ ಗ್ಲಾಸ್ ಇಳಿಸಿ ಇದಕ್ಕೇ ಬಿಸ್ಕಿಟ್ ಹಾಕ್ತಿದ್ರು. ಶಿರ್ಸಿಯಿಂದ ಇಲ್ಲಿಗೆ ಹ್ಯಾಂಗೆ ಬಂತು?”

ತೀರಿಹೋದ ಅವರ ಗಂಡನ ಕಾರನ್ನು ನಾನು ಕೊಂಡಿದ್ದೆ. ಅದನ್ನು ಯಲ್ಲಾಪುರಕ್ಕೆ ತಂದಾಗಿನಿಂದ ಬೆಳಿಗ್ಗೆ ಎದ್ದರೆ ಹಕ್ಕಿಯ ಹಿಕ್ಕೆ ತೆಗೆಯುವುದೇ ನನ್ನ ಕೆಲಸವಾಗಿತ್ತು. ಒಣಗಿದ್ದನ್ನು ಕೆರೆದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಒದ್ದೆ ಬಟ್ಟೆ ಹೊದಿಸಿ, ನೆನೆದ ಮೇಲೆ ಮೆಲ್ಲಗೆ ಒರೆಸಬೇಕು. ವಿಚಿತ್ರವೆಂದರೆ ಕಲೆ ಇರುತ್ತಿದ್ದುದು ಡ್ರೈವರ್ ಕಡೆಯ ಬಾಗಿಲಿನ ಮೇಲೆ ಮಾತ್ರ. ಇನ್ನೊಂದು ಕೀಲಿ ಕೊಟ್ಟುಹೋಗಲು ಅಂದು ಬಂದಿದ್ದ ಅಮ್ಮನಿಗೆ ನಾನು ಅದನ್ನೇ ದೂರುತ್ತಿದ್ದೆ.

ಅವರು ಆಚೆ ಬಾಗಿಲಿನಿಂದ ಒಳಗೆ ಬಾಗಿ, ಹಿಡಿ ತಿರುಗಿಸಿ ಡ್ರೈವರ್ ಕಡೆಯ ಗಾಜು ಇಳಿಸಿದರು. ಹಕ್ಕಿ ಹೆದರಲಿಲ್ಲ. ಕಿಟಕಿಯ ಅಂಚಿಗೆ ಜಿಗಿದು, ಕತ್ತು ಓರೆ ಮಾಡಿ ಖಾಲಿ ಸೀಟನ್ನು ಬಹಳ ಹೊತ್ತು ನೋಡಿತು.

“ಅವ್ರು ಇಲ್ಲ. ನೀನು ಹೋಗು,” ಎಂದರು ಅಮ್ಮ, ಮನೆಯ ಮನುಷ್ಯರಿಗೆ ಹೇಳುವಂತೆ. ಸದ್ದೇ ಇಲ್ಲದೆ ಅದು ಹಾರಿಹೋಯಿತು.

ಮರುದಿನದಿಂದ ಬಾಗಿಲ ಮೇಲೆ ಒಂದು ಕಲೆಯೂ ಇಲ್ಲ. ಆದರೆ ಕಾರು ಹತ್ತುವ ಮುಂಚೆ ನಾನು ಈಗಲೂ ಒಂದು ಗಳಿಗೆ ತಡೆಯುತ್ತೇನೆ, ಒಳಗೆ ಕೂತವರು ಎದ್ದು ಜಾಗ ಬಿಡಲಿ ಎಂಬಂತೆ.