ಇಂಜಿನ್ನಿಗೆ ವಿಭೂತಿ

ಲಾರಿಯಡಿ ಮಲಗಿ ಮೈಯೆಲ್ಲ ಆಯಿಲ್ ಮಾಡಿಕೊಳ್ಳುವ ವಯಸ್ಸು ನನ್ನದಲ್ಲ. ಆದರೂ ಆ ನವರಾತ್ರಿಯಿಡೀ ಮಲಗಿದ್ದೆ. ಅಪ್ಪ ಓಡಿಸುತ್ತಿದ್ದ ಹಳೆಯ ಲಾರಿ. ಇಂಜಿನ್ನಿನ ಕೆಳಗಿನಿಂದ ಟಕಟಕ ಬಡಿಯತೊಡಗಿತ್ತು. ಗ್ಯಾರೇಜುಗಳಲ್ಲಿ ಹಬ್ಬ ಮುಗಿಯುವವರೆಗೆ ಜಾಗವಿರಲಿಲ್ಲ. ಹಾಗಾಗಿ ನಂದಿನಿ ಲೇಔಟಿನ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲೇ ನಿಲ್ಲಿಸಿ, ಇಂಜಿನ್ ಬಿಚ್ಚಿ ಬೇರಿಂಗ್ ಬದಲಿಸಲು ಕುಳಿತೆ. ಲಾರಿ ಹೋದರೆ ಇನ್ನೊಬ್ಬರ ಗಾಡಿಗೆ ಡ್ರೈವರಾಗಬೇಕು. ಆ ಯೋಚನೆಯೇ ನನಗೆ ಆಗಿಬರುತ್ತಿರಲಿಲ್ಲ.

ಹೆಂಡತಿಗೆ ಆ ಲಾರಿ ಕಂಡರೆ ಸವತಿಯನ್ನು ಕಂಡಂತೆ. ಮಾರಿಬಿಡಿ ಎಂದು ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು. ಇಂಜಿನ್ ಗಟ್ಟಿಯಾಗಿದೆ, ಬೇರಿಂಗ್ ಮಾತ್ರ ಸವೆದಿದೆ, ಇದೊಂದು ಸಲ ನೋಡೋಣ ಎಂದು ಒಪ್ಪಿಸಿದ್ದೆ. ಈ ಸಲವೂ ಸದ್ದು ನಿಲ್ಲದಿದ್ದರೆ ಮಾರುವುದೆಂದು ಮಾತಾಗಿತ್ತು.

ಪ್ರತಿ ಪಿಸ್ಟನ್ ರಾಡಿನ ತುದಿಗೂ ಬೇರಿಂಗನ್ನು ಹಿಡಿದಿಡುವ ಅದರದೇ ಕ್ಯಾಪ್ ಇರುತ್ತದೆ. ಒಂದರದು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ, ಅದಲುಬದಲಾದರೆ ಬಡಿಯುತ್ತದೆ. ಹಳೆಯ ಗುರುತುಗಳು ಅಳಿಸಿಹೋಗಿದ್ದರಿಂದ ಕ್ಯಾಪುಗಳ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಬರೆದು ವರಾಂಡದಲ್ಲಿ ಸಾಲಾಗಿ ಇಟ್ಟಿದ್ದೆ.

ಆಯುಧಪೂಜೆಯ ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ಅವೆಲ್ಲ ತಟ್ಟೆಯಲ್ಲಿ ಫಳಫಳ ಹೊಳೆಯುತ್ತಿವೆ. ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ನಂಬರ್ ಇದ್ದ ಜಾಗದಲ್ಲಿ ಮೂರು ಬೆರಳ ವಿಭೂತಿ ಎಳೆದು, ಚೆಂಡುಹೂವು ಇಟ್ಟಿದ್ದಾರೆ. ಸಿಟ್ಟು ನೆತ್ತಿಗೇರಿತು. ಆದರೆ ಮಂಡಿನೋವು ಇಟ್ಟುಕೊಂಡು ನೆಲದ ಮೇಲೆ ಕೂತು ತಿಕ್ಕಿದವರನ್ನು ಏನೆಂದು ಬೈಯುವುದು? ಪೂಜೆಗಿಟ್ಟ ಮೇಲೆ ಅಂದು ಮುಟ್ಟುವಂತೆಯೂ ಇಲ್ಲ. ಪಾಯಸ ಉಂಡು, ತಟ್ಟೆಯನ್ನೇ ನೋಡುತ್ತ ಕುಳಿತೆ.

ಮಾರನೆಯ ದಿನ ಅಂದಾಜಿನ ಮೇಲೆ ಒಂದೊಂದನ್ನೂ ಹಾಕಿದೆ, ಬಿಗಿಸಿದೆ, ಕೈಯಿಂದ ತಿರುಗಿಸಿ ನೋಡಿದೆ, ತಿರುಗದೆ ಹಿಡಿದುಕೊಂಡರೆ ಮತ್ತೆ ಬಿಚ್ಚಿದೆ. ಸಂಜೆಯ ಹೊತ್ತಿಗೆ ತೋಳು ಎತ್ತಲಾಗುತ್ತಿರಲಿಲ್ಲ. ಕೊನೆಗೆ ಎಲ್ಲ ಸಲೀಸಾಗಿ ತಿರುಗಿದ ಹಾಗೆ ಕಂಡಿತು. ಮುಚ್ಚಿ, ಆಯಿಲ್ ಸುರಿದು, ಸ್ಟಾರ್ಟ್ ಮಾಡಿದೆ. ಬಿಸಿಯಾಗುತ್ತಿದ್ದಂತೆ ಅದೇ ಟಕಟಕ.

ಅಮ್ಮ ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡರು. ಆ ಲಾರಿಯ ಸದ್ದು ಅಪ್ಪನ ಕಾಲದಿಂದ ಅವರಿಗೆ ಗೊತ್ತು.

"ನಾನು ತೊಳೆದಿದ್ದಕ್ಕೆ ಹಿಂಗಾಯ್ತೇನೋ?"

ನಿನ್ನೆಯ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಇನ್ನೊಂದು ಸಲ ಬಿಚ್ಚಿ ಕ್ಯಾಪ್ ಅದಲುಬದಲು ಮಾಡಿದ್ದರೆ ಸದ್ದು ನಿಲ್ಲುತ್ತಿತ್ತೇನೋ. ಆದರೆ ಹಾಗೆಂದರೆ ಅಮ್ಮನಿಗೆ ಹೌದು ಎಂದಂತೆಯೇ.

"ಇಲ್ಲಮ್ಮ. ಇಂಜಿನ್ನೇ ಸವೆದು ಹೋಗಿದೆ. ಇನ್ನೇನ್ ಮಾಡಿದ್ರೂ ಅಷ್ಟೇ."

ಅವರ ಹಿಂದೆ ಹೆಂಡತಿ ನಿಂತಿದ್ದಳು. ಗೆದ್ದ ಮುಖವೇನೂ ಇರಲಿಲ್ಲ.

"ಹಂಗಾದ್ರೆ ಮಾರೋಣ ಅಲ್ವಾ?" ಎಂದಳು ಮೆತ್ತಗೆ.

ಅಮ್ಮ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೂಂ ಎಂದೆ.