ಹಾಟ್‌ಫಿಕ್ಸ್ ಮತ್ತು ಅಣ್ಣಪ್ಪನ ಕಬ್ಬು

ಬೆಳಿಗ್ಗೆ ಎದ್ದವರು ಮೊದಲು ಮಂಗಳಕರವಾದದ್ದೇನನ್ನಾದರೂ ನೋಡಬೇಕೆಂದು ಹಿರಿಯರು ಹೇಳಿದ್ದಾರೆ. ನನ್ನ ಪಾಲಿಗೆ ಬಂದಿರುವುದು ಒಂದು ಚಕ್ರ. ವಿಷ್ಣುವಿನ ಕೈಯಲ್ಲಿರುವ ಚಕ್ರ ದುಷ್ಟರ ತಲೆಯನ್ನು ಮಾತ್ರ ತೆಗೆಯುತ್ತದಂತೆ. ನಮ್ಮ ಕಚೇರಿಯ ಕಂಪ್ಯೂಟರಿನ ಪರದೆಯ ಮೇಲೆ ಸುತ್ತುವ ಚಕ್ರಕ್ಕೆ ಅಂಥ ಭೇದಭಾವವಿಲ್ಲ. ಅದು ಎಲ್ಲರ ತಲೆಯನ್ನೂ ತಿನ್ನುತ್ತದೆ. ಅದರ ಕೆಳಗೆ ಒಂದು ಸಾಲು ಇರುತ್ತದೆ: ‘ಅಪ್‌ಡೇಟ್ ನಡೆಯುತ್ತಿದೆ. ದಯವಿಟ್ಟು ಬಂದ್ ಮಾಡಬೇಡಿ.’ ಇಷ್ಟು ವಿನಯದಿಂದ ಇಷ್ಟು ದೊಡ್ಡ ಬೆದರಿಕೆ ಹಾಕುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಒಂದು ಸಕ್ಕರೆ ಕಾರ್ಖಾನೆಯ ಶಿರಗುಪ್ಪಿ ವಿಭಾಗ ಕಚೇರಿಯ ಮೇಲ್ವಿಚಾರಕ. ದಿನಾ ಅಂಕಲಿಯಿಂದ ಬಸ್ಸು ಹಿಡಿದು, ಕೃಷ್ಣೆಯನ್ನು ದಾಟಿ, ಸುತ್ತು ಹಾಕಿ ಬಂದು ಕುರ್ಚಿ ಅಲಂಕರಿಸುತ್ತೇನೆ. ಯಾವ ರೈತನ ಕಬ್ಬನ್ನು ಯಾವಾಗ ಕಡಿಯಬೇಕು ಎಂದು ಪಾಳಿ ಹಚ್ಚುವುದು, ಪಾಳಿ ಬಂದವನಿಗೆ ಚೀಟಿ ಕೊಡುವುದು, ಇಷ್ಟೇ ನಮ್ಮ ಕಚೇರಿಯ ಕೆಲಸ. ಆ ಚೀಟಿ ಇಲ್ಲದೆ ಕಬ್ಬು ಕಡಿಯುವ ಗ್ಯಾಂಗು ಹೊಲಕ್ಕೆ ಇಳಿಯುವುದಿಲ್ಲ, ಕಾರ್ಖಾನೆಯ ಗೇಟು ಬಂಡಿಯನ್ನು ಒಳಗೆ ಬಿಡುವುದಿಲ್ಲ. ಹಿಂದೆ ಈ ಚೀಟಿಯನ್ನು ನಾನು ಕೈಯಿಂದ ಬರೆಯುತ್ತಿದ್ದೆ. ನನ್ನ ಅಕ್ಷರ ಓದಲಾಗುವುದಿಲ್ಲ ಎಂಬ ತಕರಾರು ಇತ್ತು, ಆದರೆ ನನ್ನ ಕೈ ಒಮ್ಮೆಯೂ ‘ಸ್ವಲ್ಪ ಹೊತ್ತು ಕಾಯಿರಿ’ ಎಂದು ಸುತ್ತುತ್ತ ನಿಂತದ್ದಿಲ್ಲ. ಈಗ ಚೀಟಿಯನ್ನು ಸಾಫ್ಟ್‌ವೇರು ಹೆರುತ್ತದೆ. ಅದರ ಮೇಲೆ ಕಪ್ಪು ಗೆರೆಗಳ ಒಂದು ಹಣಿಗೆ ಇರುತ್ತದೆ, ಬಾರ್‌ಕೋಡ್ ಎನ್ನುತ್ತಾರೆ. ಗೇಟಿನ ಯಂತ್ರ ಆ ಹಣಿಗೆಯನ್ನು ಬಿಟ್ಟು ಮನುಷ್ಯರ ಬರಹವನ್ನು ಓದುವುದಿಲ್ಲ.

ಹೀಗಿರಲಾಗಿ ಒಂದು ದಿನ ಹೆಡ್ ಆಫೀಸಿನಿಂದ ಆಜ್ಞೆ ಬಂತು. ಸಾಫ್ಟ್‌ವೇರಿಗೆ ಬರುವ ಅಪ್‌ಡೇಟುಗಳ ಮೇಲೆ, ಹಾಗೂ ಅಪ್‌ಡೇಟಿನಿಂದಾದ ಹಾನಿಯನ್ನು ಸರಿಪಡಿಸಲು ಅವಸರದಲ್ಲಿ ಬರುವ ಹಾಟ್‌ಫಿಕ್ಸುಗಳ ಮೇಲೆ ಪ್ರತಿ ವಿಭಾಗದಲ್ಲೂ ಒಬ್ಬರು ನಿಗಾ ಇಡತಕ್ಕದ್ದು. ಕಚೇರಿಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ಕಂಪ್ಯೂಟರ್ ನಡೆಸುವ ಶೋಭಾ ಕಾಂಬಳೆ. ಆಕೆಗೆ ಕೆಲಸ ಗೊತ್ತಿತ್ತು. ಆದ್ದರಿಂದ ನಿಗಾ ಇಡುವ ಹೊಣೆ ನನಗೆ ಬಂತು.

ಹೊಣೆ ಬಂದ ಮೇಲೆ ಅದಕ್ಕೊಂದು ಗಾಂಭೀರ್ಯ ಬೇಕಲ್ಲ. ಗೋಡೆಯ ಮೇಲೆ ಹಳೆಯ ಕರಿಹಲಗೆಯೊಂದಿತ್ತು. ಒಂದು ಕಾಲದಲ್ಲಿ ಅದರ ಮೇಲೆ ರೈತರ ಪಾಳಿ ಬರೆಯುತ್ತಿದ್ದೆವು. ಈಗ ಅದನ್ನೇ ಒರೆಸಿ, ಬಂದ ಅಪ್‌ಡೇಟುಗಳ ಅಂಕಿಗಳನ್ನು ಬರೆಯತೊಡಗಿದೆ. ಅವುಗಳ ಅಂಕಿ ಎಂದರೆ ಸಾಮಾನ್ಯವಲ್ಲ. ಚುಕ್ಕೆ, ಅಂಕಿ, ಮತ್ತೆ ಚುಕ್ಕೆ, ಮತ್ತೆ ಅಂಕಿ. ಮದುವೆ ಮನೆಯಲ್ಲಿ ಪುರೋಹಿತರು ಗೋತ್ರ ಪ್ರವರ ಹೇಳಿದ ಹಾಗೆ, ತಾನು ಯಾರ ಮಗ, ಯಾರ ಮೊಮ್ಮಗ, ಯಾರ ಮರಿಮಗ ಎಂಬುದನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡೇ ಪ್ರತಿ ಅಪ್‌ಡೇಟೂ ಬರುತ್ತದೆ. ಬಂದು ಏನು ಮಾಡುತ್ತದೆ? ಅದರ ಜೊತೆ ಬರುವ ಟಿಪ್ಪಣಿಯಲ್ಲಿ ಯಾವಾಗಲೂ ಒಂದೇ ಮಾತು: ‘ಕಾರ್ಯಕ್ಷಮತೆಯ ಸುಧಾರಣೆ ಹಾಗೂ ಕೆಲವು ದೋಷಗಳ ಪರಿಹಾರ.’ ಪಂಚಾಂಗದಲ್ಲಿ ‘ಅಲ್ಲಲ್ಲಿ ಮಳೆ, ಪ್ರಜೆಗಳಿಗೆ ಮಿಶ್ರಫಲ’ ಎಂದು ಬರೆಯುವವರೇ ಬಿಡುವಿನ ವೇಳೆಯಲ್ಲಿ ಇದನ್ನೂ ಬರೆಯುತ್ತಾರೆಂದು ನನ್ನ ಗುಮಾನಿ. ಯಾವ ದೋಷ, ಅದು ಯಾರದು, ಅದು ಇದ್ದದ್ದೇ ನಮಗೆ ಗೊತ್ತಿರಲಿಲ್ಲವಲ್ಲ, ಇದನ್ನೆಲ್ಲ ಕೇಳುವ ಹಾಗಿಲ್ಲ.

ಹಾಟ್‌ಫಿಕ್ಸಿನ ಬಗ್ಗೆ ನಾನು ಸಾಕಷ್ಟು ಚಿಂತನೆ ನಡೆಸಿದ್ದೇನೆ. ಚಕ್ರ ಸುತ್ತುವಾಗ ಮಾಡಲು ಬೇರೇನೂ ಇರುವುದಿಲ್ಲ. ಮೊದಲು ನನಗೆ ನೆನಪಾದದ್ದು ಅಂಕಲಿ ಕ್ರಾಸಿನ ಪಂಕ್ಚರ್ ಅಂಗಡಿಯ ಬಿಸಿ ತೇಪೆ. ಆದರೆ ಅಲ್ಲಿ ತೂತು ಮೊಳೆಯಿಂದ ಆಗಿರುತ್ತದೆ, ಹಿಂದಿನ ತೇಪೆಯಿಂದ ಆಗಿರುವುದಿಲ್ಲ. ಆಮೇಲೆ ಶಾಸ್ತ್ರದ ದಾರಿ ಹಿಡಿದೆ. ನಮ್ಮ ಹಿಂದಿನವರು ಒಂದು ಸೂತ್ರ ಬರೆದರು, ಅದರಲ್ಲಿ ಉಳಿದದ್ದನ್ನು ಹೇಳಲು ವಾರ್ತಿಕ ಬಂತು, ವಾರ್ತಿಕವನ್ನು ವಿವರಿಸಲು ಭಾಷ್ಯ, ಭಾಷ್ಯಕ್ಕೆ ಟೀಕೆ, ಟೀಕೆಗೆ ಟಿಪ್ಪಣಿ. ಹೋಲಿಕೆ ಬಹಳ ಮಟ್ಟಿಗೆ ಕೂಡಿಬಂತು. ಆದರೆ ಭಾಷ್ಯ ಬಂದ ದಿನ ಸೂತ್ರ ತೆರೆಯದೇ ಹೋಯಿತು ಎಂದು ಯಾವ ಶಿಷ್ಯನೂ ದೂರಿದ್ದು ಕೇಳಿಲ್ಲ. ಕೊನೆಗೆ ನಮ್ಮ ಮನೆಯ ಕೌದಿಯ ಹತ್ತಿರ ಬಂದು ನಿಂತೆ. ಅಜ್ಜಿ ಹೊಲಿದ ಕೌದಿಗೆ ಅವ್ವ ತೇಪೆ ಹಚ್ಚಿದಳು, ಅವ್ವನ ತೇಪೆಯ ಮೇಲೆ ನನ್ನ ಹೆಂಡತಿ ಹಚ್ಚಿದಳು. ಈಗ ಅದರಲ್ಲಿ ಮೂಲದ ಸೀರೆ ಯಾವುದೆಂದು ಯಾರಿಗೂ ತಿಳಿಯದು. ಆದರೂ ಅದು ಚಳಿ ತಡೆಯುತ್ತದೆ. ಹೊದ್ದುಕೊಂಡವರನ್ನು ನಡುರಾತ್ರಿ ಎಬ್ಬಿಸಿ ‘ರೀಸ್ಟಾರ್ಟ್ ಆಗಿರಿ’ ಎನ್ನುವುದಿಲ್ಲ.

ಇಂಥ ಪ್ರಾಣಿಯನ್ನು ನಿಭಾಯಿಸಲು ನಾನೊಂದು ನೀತಿ ರೂಪಿಸಿದೆ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಅಮಾವಾಸ್ಯೆಯಂದು ಹೊಸ ಕೆಲಸ ಶುರು ಮಾಡುವುದಿಲ್ಲ. ಎತ್ತಿಗಿರುವ ನ್ಯಾಯ ಕಂಪ್ಯೂಟರಿಗೂ ಇರಲೆಂದು, ಸೋಮವಾರ ಮತ್ತು ಅಮಾವಾಸ್ಯೆಗಳಂದು ಅಪ್‌ಡೇಟ್ ಹಾಕಕೂಡದೆಂದು ಅಪ್ಪಣೆ ಹೊರಡಿಸಿದೆ. ರಾಹುಕಾಲವನ್ನು ಆಮೇಲೆ ಸೇರಿಸಿದೆ. ಗುರುವಾರ ಶಿರಗುಪ್ಪಿಯಲ್ಲಿ ಕರೆಂಟು ನಂಬುವಂತಿಲ್ಲ, ಅದೂ ಸೇರಿತು. ಇದಕ್ಕೆ ಸಾಫ್ಟ್‌ವೇರಿನವರ ಸಮ್ಮತಿಯೂ ಇತ್ತೆನ್ನಬೇಕು; ಇಲ್ಲದಿದ್ದರೆ ‘ನಂತರ ನೆನಪಿಸು’ ಎಂಬ ಗುಂಡಿಯನ್ನು ಏಕೆ ಇಡುತ್ತಿದ್ದರು? ಮನುಷ್ಯಕುಲಕ್ಕೆ ಕಂಪ್ಯೂಟರು ಕೊಟ್ಟ ಅತ್ಯುತ್ತಮ ಗುಂಡಿ ಅದು. ನಾನು ಅದನ್ನು ಭಕ್ತಿಯಿಂದ ಒತ್ತುತ್ತ ಬಂದೆ.

ಶೋಭಾಳಿಗೆ ಈ ನೀತಿಯಲ್ಲಿ ನಂಬಿಕೆ ಇರಲಿಲ್ಲ. ಆಕೆಯ ಮನೆಯಲ್ಲಿ ಬುದ್ಧವಂದನೆ. ಅಮಾವಾಸ್ಯೆ, ರಾಹುಕಾಲಗಳಿಗೆ ಅಲ್ಲಿ ಪ್ರವೇಶವಿಲ್ಲ.

“ಸರ್, ಎತ್ತಿಗೆ ಸೋಮವಾರ ಸೂಟಿ ಕೊಟ್ರ ಅದು ಮಂಗಳವಾರ ಬಂಡಿ ಎಳೀತೈತ್ರಿ,” ಎಂದಳು ಒಮ್ಮೆ. “ಇದಕ್ಕ ಸೂಟಿ ಕೊಟ್ರ ಇದು ಮಂಗಳವಾರ ನಮ್ಮನ್ನ ಎಳೀತೈತಿ.”

ಮಂಗಳವಾರವೇ ಎಳೆಯಿತು. ಮರುದಿನ ಅಮಾವಾಸ್ಯೆ. ನಾನು ಮುಂದೂಡಿದ ಅಪ್‌ಡೇಟುಗಳೆಲ್ಲ ಒಟ್ಟಾಗಿ, ಯಾರ ಅಪ್ಪಣೆಯನ್ನೂ ಕೇಳದೆ, ಬೆಳಿಗ್ಗೆ ಕಚೇರಿ ತೆರೆಯುತ್ತಲೇ ಇಳಿಯತೊಡಗಿದವು. ‘ನಂತರ ನೆನಪಿಸು’ ಗುಂಡಿಯನ್ನು ಹುಡುಕಿದೆ. ಅದನ್ನು ತೆಗೆದುಹಾಕಿದ್ದರು. ಬಹುಶಃ ಅದೇ ಮೊದಲ ಸುಧಾರಣೆ.

ಅದೇ ಹೊತ್ತಿಗೆ ಅಣ್ಣಪ್ಪ ಬಂದ. ಶಿರಗುಪ್ಪಿಯ ಅಣ್ಣಪ್ಪ ಅವಸರದ ಮನುಷ್ಯನಲ್ಲ, ಆದರೆ ಅವನಿಗೆ ಅವಸರ ಬಂದಿತ್ತು. ಮುಂದಿನ ವಾರ ಅವನ ಮಗಳ ಮದುವೆ. ಹಂದರ ಹಾಕುವ ಜಾಗ ಮನೆಯ ಮುಂದಿನ ಹೊಲ. ಆ ಹೊಲದಲ್ಲಿ ಆಳೆತ್ತರಕ್ಕಿಂತ ಮೇಲೆ ಕಬ್ಬು ನಿಂತಿತ್ತು. ಕಡಿಯುವ ಗ್ಯಾಂಗು ಊರಿಗೆ ಬಂದು ಹೊಲದ ಬದುವಿನ ಮೇಲೆ ಕೂತಿತ್ತು. ಬೇಕಾಗಿದ್ದದ್ದು ಚೀಟಿ ಒಂದೇ.

“ಚೀಟಿ ಇವತ್ತ ಬರ್ತೈತಂತ ನೀವ ಹೇಳಿದ್ರಿ, ಸಾಹೇಬ್ರ.”

“ಬರುತ್ತದೆ. ಕಂಪ್ಯೂಟರು ಸ್ವಲ್ಪ ಅಪ್‌ಡೇಟ್ ಆಗುತ್ತಿದೆ,” ಎಂದೆ, ಆಸ್ಪತ್ರೆಯಲ್ಲಿ ಡಾಕ್ಟರರು ಮಾತನಾಡುವ ದನಿಯಲ್ಲಿ.

ಅವನು ಪರದೆಯ ಚಕ್ರವನ್ನು ನೋಡುತ್ತ ಬೆಂಚಿನ ಮೇಲೆ ಕೂತ. ಸ್ವಲ್ಪ ಹೊತ್ತಿನಲ್ಲಿ ಗ್ಯಾಂಗಿನ ಮುಖ್ಯಸ್ಥ ಮುಕಾದಮನೂ ಬಂದ. ಆತ ಮಹಾರಾಷ್ಟ್ರದ ಒಳಭಾಗದವನು, ಮಾತು ಕಡಿಮೆ. ಬಾಗಿಲಲ್ಲೇ ನಿಂತು, “ಸಾಹೇಬ, ಚಿಠ್ಠಿ ಆಹೇ ಕಾ ನಾಹೀ? ಉದ್ಯಾ ಅಮಾವಾಸ್ಯಾ,” ಎಂದ. ಚೀಟಿ ಇದೆಯೋ ಇಲ್ಲವೋ, ನಾಳೆ ಅಮಾವಾಸ್ಯೆ ಎಂದರೆ ಏನರ್ಥವೆಂದು ನಮಗೆಲ್ಲ ಗೊತ್ತಿತ್ತು. ಅಮಾವಾಸ್ಯೆಯ ದಿನ ಅವರು ಯಾವ ಹೊಲಕ್ಕೂ ಮೊದಲ ಕುಡುಗೋಲು ಹಾಕುವುದಿಲ್ಲ. ಇಂದು ಶುರುವಾದರೆ ಆಯಿತು, ಇಲ್ಲವಾದರೆ ಪಕ್ಕದ ಹೊಲದ ಭರಮಪ್ಪನ ಕಬ್ಬನ್ನಷ್ಟು ಕಡಿದು ಗ್ಯಾಂಗು ಅಥಣಿಯ ಕಡೆ ಹೋಗುತ್ತದೆ. ಭರಮಪ್ಪನ ಚೀಟಿ ನಿನ್ನೆಯೇ, ಅಂದರೆ ಅಪ್‌ಡೇಟಿನ ಮುಂಚೆಯೇ, ಬಂದಿತ್ತು. ಪುಣ್ಯವಂತ.

ಮಧ್ಯಾಹ್ನದ ಹೊತ್ತಿಗೆ ಚಕ್ರ ನಿಂತಿತು. ಸಾಫ್ಟ್‌ವೇರು ತೆರೆಯಿತು. ಬಣ್ಣ ಬದಲಾಗಿತ್ತು, ಮೂಲೆಯಲ್ಲಿ ಒಂದು ಹೂವು ಅರಳಿತ್ತು, ‘ಸುಸ್ವಾಗತ’ ಎಂದು ಬರೆದಿತ್ತು. ಪಾಳಿ ಚೀಟಿ ತೆಗೆಯುವ ಗುಂಡಿ ಮಾತ್ರ ಇರಲಿಲ್ಲ.

ಸಾಫ್ಟ್‌ವೇರಿನವರಿಗೆ ಫೋನು ಹಚ್ಚಿದೆ. ದೂರದ ಊರಿನಿಂದ ಒಬ್ಬ ಸಭ್ಯ ಗೃಹಸ್ಥರು, ಇದು ತಮಗೆ ತಿಳಿದಿರುವ ದೋಷವೆಂದೂ, ಹಾಟ್‌ಫಿಕ್ಸ್ ತಯಾರಾಗುತ್ತಿದೆಯೆಂದೂ ಹಿಂದಿಯಲ್ಲಿ ಹೇಳಿ, ಅಲ್ಲಿಯವರೆಗೆ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಲು ಸೂಚಿಸಿದರು. ಯಾವಾಗ ಬರುತ್ತದೆ ಎಂದು ಕೇಳಿದೆ. “ಜಲ್ದಿ,” ಎಂದರು. ಹೀಗೆ ಮೊದಲೇ ತಿಳಿದ ದೋಷವನ್ನು ಪೊಟ್ಟಣ ಕಟ್ಟಿ ಕಳಿಸುವ ಧೈರ್ಯ ಅಡುಗೆಯವರಿಗೂ ಇಲ್ಲ, ಜೋಯಿಸರಿಗೂ ಇಲ್ಲ.

ಅಣ್ಣಪ್ಪ ಎದ್ದು ನಿಂತ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದೇ ನನಗೆ ಕಷ್ಟವಾಯಿತು.

“ಸಾಹೇಬ್ರ, ನೀವ ಹೇಳ್ರಿ. ಹಂದರ ಎಲ್ಲಿ ಹಾಕ್ಲಿ? ಕಬ್ಬಿನ್ಯಾಗ ಹಾಕ್ಲೇನು? ಬೀಗರು ಬಂದು ನರಿ ಹುಡುಕಿದಂಗ ಮದುಮಗಳ್ನ ಹುಡುಕ್ಯಾಡಬೇಕೇನ್ರಿ?”

ಶೋಭಾ ನಗು ತಡೆಯಲು ಹೋಗಿ ಕೆಮ್ಮಿದಳು. ನಾನು ಕರಿಹಲಗೆಯ ಕಡೆ ನೋಡಿದೆ. ಅಲ್ಲಿ ನನ್ನ ಮುತ್ತಿನಂಥ ಅಕ್ಷರದಲ್ಲಿ ಎಲ್ಲ ಅಪ್‌ಡೇಟುಗಳ ಗೋತ್ರವೂ ಇತ್ತು, ಪ್ರತಿಯೊಂದರ ಎದುರಿಗೆ ‘ಮುಂದೂಡಲಾಗಿದೆ’ ಎಂದೂ ಇತ್ತು. ನಿಗಾ ಇಡುವುದರಲ್ಲಿ ನನ್ನಲ್ಲಿ ಯಾರೂ ತಪ್ಪು ಹಿಡಿಯುವಂತಿರಲಿಲ್ಲ.

ಅಷ್ಟರಲ್ಲಿ ಭರಮಪ್ಪ ಬಂದ. ವಯಸ್ಸಾದ ಮನುಷ್ಯ, ಹರಿತವಾದ ನಾಲಗೆ, ತಲೆಗೆ ರುಮಾಲು. ಗ್ಯಾಂಗು ಇನ್ನೂ ತನ್ನ ಹೊಲಕ್ಕೆ ಇಳಿಯದೆ ಬದುವಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದೆಯಲ್ಲ, ಮುಕಾದಮ ಎಲ್ಲಿ ಹೋದ ಎಂದು ಜಗಳಕ್ಕೆ ಸಿದ್ಧನಾಗಿಯೇ ಬಂದಿದ್ದ. ಒಳಗಿನ ಮುಖಗಳನ್ನು ನೋಡಿ ಜಗಳದ ವಿಷಯ ಬದಲಿಸಿದ.

“ಏನಲೇ ಅಣ್ಯಾ, ವರ ಒಪ್ಯಾನಂತ ಕೇಳಿದ್ದೆ. ಈಗ ಕಂಪ್ಯೂಟರ್ ಒಪ್ಪವಲ್ದೇನು?”

“ನಗಬ್ಯಾಡ ಕಾಕಾ. ಚೀಟಿ ಬರೂದಿಲ್ಲಂತ. ಗ್ಯಾಂಗ್ ಹೊಂಟೈತಿ.”

ಭರಮಪ್ಪ ಪರದೆಯ ಮೇಲಿನ ಹೂವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅಂಗಿಯ ಕಿಸೆಗೆ ಕೈಹಾಕಿ ತನ್ನ ಚೀಟಿ ತೆಗೆದು ಮುಕಾದಮನ ಎದುರು ಹಿಡಿದ.

“ತಗೋ. ಇದರ ಮ್ಯಾಲ ಇವನ ಹೊಲ ಕಡೀರಿ. ಇವನ ಚೀಟಿ ಬಂದಾಗ ನಂದು ಕಡದ್ರಾತು. ಮುಯ್ಯಿ ಅಂತ ತಿಳ್ಕೊ.”

ನನ್ನ ಹೊಲದಲ್ಲಿ ಇಂದು ನೀನು ದುಡಿದರೆ ನಿನ್ನ ಹೊಲದಲ್ಲಿ ನಾಳೆ ನಾನು ದುಡಿಯುತ್ತೇನೆ ಎಂಬ ಮುಯ್ಯಿ ನಮ್ಮ ಕಡೆ ಹಳೆಯದು. ಅದು ಯಾವ ಕಾಲದಲ್ಲಿ ಮೊದಲು ಬಂತು, ಅದರ ಅಂಕಿ ಎಷ್ಟು ಎಂಬುದು ಯಾರಿಗೂ ಗೊತ್ತಿಲ್ಲ. ಇದುವರೆಗೆ ಅದಕ್ಕೊಂದು ತೇಪೆ ಹಚ್ಚಬೇಕೆಂದು ಯಾರೂ ಹೇಳಿದ್ದಿಲ್ಲ.

“ಕಾಕಾ, ನಿನ್ನ ಕಬ್ಬು ಆಗ್ಲೇ ತುರಾಯಿ ಬಿಟ್ಟೈತಿ,” ಎಂದ ಅಣ್ಣಪ್ಪ ಮೆಲ್ಲಗೆ. ತುದಿಯಲ್ಲಿ ಬೆಳ್ಳಿಯಂಥ ಗರಿ ಮೂಡಿದ ಕಬ್ಬನ್ನು ಬಹಳ ದಿನ ನಿಲ್ಲಿಸಿದರೆ ಒಳಗೆ ಬೆಂಡಾಗುತ್ತದೆ. ಹಾಗೆ ಬೆಂಡಾದರೆ ನಷ್ಟ ಭರಮಪ್ಪನದು.

“ಬಿಡ್ಲಿ ಬಿಡು. ನನ್ನ ಕಬ್ಬಿಗೇನು ಲಗ್ನ ಐತೇನು? ಇನ್ನೊಂದೀಟು ದಿನ ನಿಂದರ್ತೈತಿ. ನಾಕು ತುರಾಯಿ ಮುರಕೊಂಡು ಹೋಗಿ ಹಂದರಕ್ಕ ಕಟ್ಟು.”

ಮುಕಾದಮ ನನ್ನ ಮುಖ ನೋಡಿದ. ಒಬ್ಬರ ಚೀಟಿಯ ಮೇಲೆ ಇನ್ನೊಬ್ಬರ ಹೊಲ ಕಡಿಯಕೂಡದೆಂಬುದು ನಿಯಮ. ಆ ನಿಯಮವನ್ನು ನಾನೇ ಎಷ್ಟೋ ಜನರಿಗೆ ಬೋಧಿಸಿದ್ದೇನೆ. ನಾನು ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಬಹಳ ಶ್ರದ್ಧೆಯಿಂದ ಒರೆಸತೊಡಗಿದೆ. ಕನ್ನಡಕವಿಲ್ಲದೆ ನನಗೆ ಚೀಟಿಯ ಮೇಲಿನ ಹೆಸರು ಕಾಣುವುದಿಲ್ಲ, ಇದು ವೈದ್ಯರೇ ಒಪ್ಪಿದ ಮಾತು.

“ಸರ್‌ಗ ಈಗ ಏನೂ ಕಾಣಂಗಿಲ್ಲ,” ಎಂದಳು ಶೋಭಾ. “ಲಗೂ ಹೋಗ್ರಿ ಎಲ್ಲಾರೂ.”

ಹೋದರು. ನಾನು ಕನ್ನಡಕ ಹಾಕಿಕೊಂಡು ನೋಡಿದಾಗ ಶೋಭಾ ಕರಿಹಲಗೆಯ ಮೇಲೆ ನನ್ನ ಪ್ರವರದ ಕೆಳಗೆ ಒಂದು ಸಾಲು ಬರೆಯುತ್ತಿದ್ದಳು: ‘ಹಾಟ್‌ಫಿಕ್ಸ್: ಭರಮಪ್ಪ. ಹಾಕಲಾಗಿದೆ. ರೀಸ್ಟಾರ್ಟ್ ಬೇಕಿಲ್ಲ.’

ಸಾಫ್ಟ್‌ವೇರಿನವರ ಹಾಟ್‌ಫಿಕ್ಸೂ ಮೂರು ಸಂಜೆ ಕಳೆದು ಬಂತು. ಗುಂಡಿ ಮರಳಿತು, ಪ್ರಿಂಟರು ಹೋಯಿತು. ಪ್ರಿಂಟರಿಗೆ ಇನ್ನೊಂದು ಬಂತು. ಅಂತೂ ಅಣ್ಣಪ್ಪನ ಚೀಟಿ ಹೊರಬಿದ್ದದ್ದು ಮದುವೆಯ ಹಿಂದಿನ ದಿನ. ಅದನ್ನು ಕಿಸೆಯಲ್ಲಿಟ್ಟುಕೊಂಡೇ ನಾನು ಮದುವೆಗೆ ಹೋದೆ. ಹೊಲ ಬಯಲಾಗಿತ್ತು. ಕೂಳೆಯ ಮೇಲೆ ಮಣ್ಣು ಎಳೆದು ಜಮಖಾನೆ ಹಾಸಿದ್ದರು. ಹಂದರದ ನಾಲ್ಕು ಕಂಬಗಳಿಗೂ ಭರಮಪ್ಪನ ಹೊಲದ ತುರಾಯಿ ಕಟ್ಟಿತ್ತು. ಅಕ್ಷತೆ ಬಿದ್ದ ಮೇಲೆ ನಾನು ಚೀಟಿಯನ್ನು ಭರಮಪ್ಪನ ಕೈಗಿಟ್ಟೆ. ಅವನು ಅದನ್ನು ಓದದೆಯೇ ರುಮಾಲಿನಲ್ಲಿ ಸಿಕ್ಕಿಸಿಕೊಂಡು, “ಊಟಕ್ಕ ಕುಂದರ್ರಿ ಸಾಹೇಬ್ರ, ಹುಗ್ಗಿ ಆರಾಕತ್ತೈತಿ,” ಎಂದ.

ಪಂಕ್ತಿಯಲ್ಲಿ ಕೂತೆ. ಬಿಸಿ ಗೋಧಿ ಹುಗ್ಗಿಯ ಮೇಲೆ ತುಪ್ಪ ಬಿತ್ತು. ಕಿಸೆಯಲ್ಲಿ ಫೋನು ಗುಂಯ್ ಎಂದಿತು. ಹೆಡ್ ಆಫೀಸಿನ ಸಂದೇಶ. ನಮ್ಮ ಸಾಫ್ಟ್‌ವೇರು ಈಗ ಸಂಪೂರ್ಣ ಅಪ್‌ಡೇಟ್ ಆಗಿದೆ, ಅದರ ಮಾಹಿತಿ ಅತ್ಯಂತ ನಿಖರವಾಗಿದೆ. ಆ ನಿಖರ ಮಾಹಿತಿಯ ಪ್ರಕಾರ ಶಿರಗುಪ್ಪಿಯ ಭರಮಪ್ಪನ ಹೊಲ ಖಾಲಿಯಾಗಿದೆ, ಅಣ್ಣಪ್ಪನ ಹೊಲದಲ್ಲಿ ಮಾತ್ರ ಕಬ್ಬು ಇನ್ನೂ ನಿಂತಿದೆ. ಕೂಡಲೇ ಗಮನ ಹರಿಸತಕ್ಕದ್ದು.

ನಾನು ಗಮನ ಹರಿಸಿದೆ. ಎದುರಿಗೆ ಮದುಮಗಳು ನಗುತ್ತ ಗಂಡನ ಬಾಯಿಗೆ ತುತ್ತು ಇಡುತ್ತಿದ್ದಳು. ಎಡಬಲದಲ್ಲಿ ಊರೆಲ್ಲ ಕೂತು ಉಣ್ಣುತ್ತಿತ್ತು. ಹೆಡ್ ಆಫೀಸಿನ ಮಾತನ್ನು ತಳ್ಳಿಹಾಕುವಷ್ಟು ಉದ್ಧಟ ನಾನಲ್ಲ. ಅವರ ಪ್ರಕಾರ ನನ್ನ ಸುತ್ತ ಇನ್ನೂ ನಿಂತಿದ್ದ ಕಬ್ಬಿನ ರವದಿಯ ಒಣಗರಿ ಕೊಯ್ಯದಂತೆ ಮೊಳಕೈಗಳನ್ನು ಒಳಗೆಳೆದುಕೊಂಡು, ಇನ್ನೊಂದು ಸೌಟು ಹುಗ್ಗಿ ಹಾಕಿಸಿಕೊಂಡೆ.