ಡಿಸ್ಕಿಗೆ ಹಚ್ಚಿದ ಎಣ್ಣೆ

ಅಣ್ಣ ಬೈಕಿನಿಂದ ಬಿದ್ದು ಹೆಗಲಿನ ಎಲುಬು ಮುರಿದುಕೊಂಡದ್ದಕ್ಕೆ ಮನೆಯವರು ಅವನ ಹೆಂಡತಿಯ, ಅಂದರೆ ನನ್ನ ವೈನಿಯ, ಕಾಲ್ಗುಣವನ್ನು ದೂರಿದರು. ನಿಜವಾದ ಕಾರಣ ನನ್ನ ಕೈಗುಣ. ಬ್ರೇಕಿಗೆ ಎಣ್ಣೆ ಹಚ್ಚಿದವಳು ನಾನು. ಇದು ನನಗೆ ಮರುದಿನವೇ ತಿಳಿದಿತ್ತು — ತಿಳಿದೂ ವರ್ಷಗಟ್ಟಲೆ ಬಾಯಿ ಬಿಡಲಿಲ್ಲ.

ಆಗ ನನಗೆ ಬೈಕ್ ರಿಪೇರಿಯ ಹುಚ್ಚು ಹೊಸದಾಗಿ ಹಿಡಿದಿತ್ತು. ರಾಣೆಬೆನ್ನೂರಿನ ನಮ್ಮ ಮನೆಯ ಅಂಗಳದಲ್ಲಿ ಮೊಬೈಲನ್ನು ಬಕೆಟ್ಟಿಗೆ ಆನಿಸಿಟ್ಟು, ವಿಡಿಯೋ ನೋಡುತ್ತ, ಅಣ್ಣನ ಬೈಕಿನ ಚೈನನ್ನು ಹಳೆಯ ಟೂತ್‌ಬ್ರಶ್ಶಿನಿಂದ ತಿಕ್ಕುತ್ತಿದ್ದೆ. ಆಯಿಲ್ ಬದಲಿಸಲು ಕಲಿತೆ, ಪ್ಲಗ್ ಬಿಚ್ಚಿ ಹಾಕಲು ಕಲಿತೆ. ಹ್ಯಾಂಡಲ್ಲಿಗೆ ಹೊಸ ಗ್ರಿಪ್ ಏರಿಸಿದೆ. ಟ್ಯಾಂಕಿನ ಮೇಲೆ ಕೆಂಪು ಪಟ್ಟಿ ಅಂಟಿಸಿದೆ, ಅದು ಸೊಟ್ಟಾಯಿತು. "ಛಲೋ ಆಗೇತಿ ಬಿಡ" ಎಂದು ಅಣ್ಣ ಸುಳ್ಳು ಹೇಳಿದ. ನಾಲ್ಕು ಬೋಲ್ಟು ಬಿಚ್ಚಲು ಬಂದದ್ದೇ ತಡ, ಊರಿನ ಮೆಕ್ಯಾನಿಕ್‌ಗಳೆಲ್ಲ ನನ್ನ ಮುಂದೆ ಏನು ಮಹಾ ಎಂದು ತಲೆಗೇರಿಬಿಟ್ಟಿತ್ತು.

ಅಷ್ಟರಲ್ಲಿ ಆಯುಧ ಪೂಜೆ ಬಂತು. ನಮ್ಮ ಮನೆಯಲ್ಲಿ ಅಂದು ಕಬ್ಬಿಣದ್ದೆಲ್ಲ ಎಣ್ಣೆ ಕಾಣಬೇಕು. ಕುಡಗೋಲು, ಈಳಿಗೆ, ಹೊಲಿಗೆ ಯಂತ್ರ, ಅಂಗಡಿಯ ತಕ್ಕಡಿ — ಒರೆಸಿ, ಎಣ್ಣೆ ಸವರಿ, ಮಿಂಚಿಸಿ ಇಡುವುದು ಚಿಕ್ಕಂದಿನಿಂದ ನನ್ನ ಕೆಲಸ. ಬೈಕಿನ ಮುಂದಿನ ಗಾಲಿಯಲ್ಲಿ ತಟ್ಟೆಯಂಥ ಒಂದು ಡಿಸ್ಕ್ ಇರುತ್ತದೆ. ಬ್ರೇಕ್ ಒತ್ತಿದಾಗ ಎರಡು ಪ್ಯಾಡುಗಳು ಅದನ್ನೇ ಕಚ್ಚಿ ಹಿಡಿದು ಗಾಲಿಯನ್ನು ನಿಲ್ಲಿಸುತ್ತವೆ. ಅದಕ್ಕೆ ಎಣ್ಣೆ ತಗುಲಿದರೆ ಹಿಡಿತ ತಪ್ಪುತ್ತದೆ. ಈಗ ಇದನ್ನು ನಿದ್ದೆಯಲ್ಲೂ ಹೇಳಬಲ್ಲೆ. ಅಂದು ಮಾತ್ರ ಅದು ನನ್ನ ಕಣ್ಣಿಗೆ ಪೂಜೆಗೆ ಮಿಂಚಬೇಕಾದ ಇನ್ನೊಂದು ಕಬ್ಬಿಣವಾಗಿ ಕಂಡಿತು. ಎರಡೂ ಬದಿಗೆ ಪ್ರೀತಿಯಿಂದ ಎಣ್ಣೆ ಸವರಿದೆ.

ವೈನಿ ಬ್ಯಾಡಗಿಯಿಂದ ನಮ್ಮ ಮನೆಗೆ ಸೊಸೆಯಾಗಿ ಬಂದ ಮೇಲೆ ಅದು ಮೊದಲ ದಸರೆ. ಗಾಲಿಯ ಕೆಳಗೆ ನಿಂಬೆಹಣ್ಣು ಇಡಲು ಅವ್ವ ಅವರಿಗೇ ಹೇಳಿದಳು. ಅಣ್ಣ ಬೈಕನ್ನು ಮುಂದೆ ಬಿಟ್ಟಾಗ ಹಣ್ಣು ಒಡೆಯದೆ ಪಕ್ಕಕ್ಕೆ ಜಿಗಿದು ಗಟಾರಕ್ಕೆ ಉರುಳಿತು. ಎಲ್ಲರೂ ನಕ್ಕೆವು. ಅಣ್ಣ ಓಣಿ ಸುತ್ತಿ ಬರಲು ಹೊರಟ. ತಿರುವಿನಲ್ಲಿ ಆಕಳು ಅಡ್ಡ ಬಂತು, ಬ್ರೇಕ್ ಹಿಡಿಯಲಿಲ್ಲ, ಗೋಡೆಗೆ ಬಡಿದು ಬಿದ್ದ.

ಆಸ್ಪತ್ರೆಯಲ್ಲಿ ಅವ್ವ ಆ ಮಾತು ಆಡಿದಳು. "ಹೊಸ ಸೊಸಿ ಇಟ್ಟ ಹಣ್ಣು ಒಡೀಲಿಲ್ಲ. ಅವಾಗ ಅನ್ಕೊಂಡೆ ನಾ — ಕಾಲ್ಗುಣ ಸರಿ ಇಲ್ಲ."

ವೈನಿ ಅಲ್ಲೇ ನಿಂತಿದ್ದರು. ನಾನೂ.

ಮರುದಿನ ಬೈಕನ್ನು ಮೆಕ್ಯಾನಿಕ್ ಹತ್ತಿರ ಒಯ್ಯೋಣ ಎಂದರು ಅಪ್ಪ. "ಬ್ಯಾಡ್ರಿ, ನಾನ ನೋಡ್ತೇನಿ" ಎಂದೆ. ಡಿಸ್ಕಿನ ಎಣ್ಣೆ ಕಂಡು, ವಿಡಿಯೋ ಹುಡುಕಿ ನೋಡಿದಾಗ ಬ್ರೇಕ್ ತಪ್ಪಿದ್ದು ನನ್ನಿಂದಲೇ ಎಂದು ತಿಳಿಯಿತು. ಯಾರಿಗೂ ಕಾಣದಂತೆ ಡಿಸ್ಕ್ ತೊಳೆದೆ, ಹೊಸ ಪ್ಯಾಡ್ ಹಾಕಿದೆ. ಯಾರ ಸಹಾಯವೂ ಇಲ್ಲದೆ ನಾನು ಸರಿಯಾಗಿ ಮಾಡಿದ ಮೊದಲ ಬ್ರೇಕ್ ಕೆಲಸ ಅದು — ತಪ್ಪು ಮುಚ್ಚಲು ಮಾಡಿದ್ದು.

ಅಣ್ಣನ ಹೆಗಲು ಕೂಡಿತು. ಅವ್ವ ಆ ಮಾತನ್ನು ಮರೆತೇಬಿಟ್ಟಳು. ಆದರೆ ಮುಂದಿನ ದಸರೆಗಳಲ್ಲಿ ಪೂಜೆಯ ಹೊತ್ತಿಗೆ ವೈನಿಗೆ ಒಳಗೆ ಏನೋ ಒಂದು ಕೆಲಸ ಇದ್ದೇ ಇರುತ್ತಿತ್ತು. ನನಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ತಾನಾಗಿ ಸರಿಹೋಗುತ್ತದೆ ಎಂದು — ಇಲ್ಲ, ಅದೂ ಸುಳ್ಳು. ಬೈಕ್ ಮುಟ್ಟಬೇಡ ಎಂದುಬಿಡುತ್ತಾರೆ ಅನ್ನುವ ಭಯ ನನಗೆ.

ಈ ವರ್ಷ ಒಂದು ಭಾನುವಾರ, ನನ್ನ ಜೊತೆ ಶಾಲೆಯಲ್ಲಿ ಪಾಠ ಮಾಡುವ ಶೈಲಾ ತನ್ನ ಬೈಕಿನ ಚೈನ್ ನೋಡಿಕೊಳ್ಳುವುದನ್ನು ಕಲಿಯಲು ಬಂದಿದ್ದಳು. ಚೈನಿಗೆ ಎಣ್ಣೆ ಬಿಟ್ಟು, ಅದೇ ಅರಿವೆಯಿಂದ ಡಿಸ್ಕ್ ಒರೆಸಲು ಹೋದಳು. "ಏ, ಅಲ್ಲಿ ಬ್ಯಾಡ! ಎಣ್ಣಿ ತಾಗಿದ್ರ ಬ್ರೇಕ್ ಹಿಡಿಯೂದಿಲ್ಲ" ಎಂದು ಕೂಗಿದೆ.

ಚಹಾ ತಂದ ವೈನಿ ಬಾಗಿಲಲ್ಲೇ ನಿಂತರು. "ಹಂಗೂ ಆಕ್ಕೇತೇನು?" ಎಂದು ಕೇಳಿದರು, ಸಹಜವಾಗಿಯೇ. ಚೈನಿನ ಕೆಲಸ ಮುಗಿಸಿ ಶೈಲಾಳನ್ನು ಕಳಿಸಿದೆ. ಆಮೇಲೆ ಅಡುಗೆಮನೆಗೆ ಹೋಗಿ ಹೇಳಿದೆ: "ವೈನಿ, ಆ ದಸರಾಕ್ಕ ಅಣ್ಣನ ಬ್ರೇಕಿಗೆ ಎಣ್ಣಿ ಹಚ್ಚಿದಾಕಿ ನಾನರೀ. ನಿಮ್ಮ ಕಾಲ್ಗುಣ ಅಲ್ಲ. ನನಗ ಗೊತ್ತಿತ್ತು."

ಅವರು ಒಲೆ ಆರಿಸಿದರು. "ನನ್ನ ತಂಗಿ ಹಾವೇರ್ಯಾಗ ಮನಿ ಕಟ್ಟಿಸಿದ್ಲಲ್ಲ, ಅದರ ವಾಸ್ತುಶಾಂತಿಗೆ ನಾ ಹೋಗ್ಲಿಲ್ಲ," ಎಂದರು. "ಆರಾಮಿಲ್ಲ ಅಂತ ಹೇಳಿದ್ದೆ. ಖರೇ ಅಂದ್ರ — ಹೊಸ ಮನಿಗೆ ನನ್ನ ಕಾಲು ಬ್ಯಾಡ ಅಂತ. ಇವತ್ತಿಗೂ ಆ ಮನಿ ನೋಡಿಲ್ಲ."

ಇಷ್ಟು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮೊದಲೇ ಹೇಳುತ್ತಿದ್ದೆನೇ? ಹೌದು ಎನ್ನಲು ನಾಲಿಗೆ ಏಳುತ್ತಿಲ್ಲ.

ಅವತ್ತೇ ಎಲ್ಲರ ಮುಂದೆ ಹೇಳಿದೆ. ಅಣ್ಣ ನನ್ನನ್ನೇ ನೋಡಿ, "ಅಂದ್ರ ಆ ಆಕಳಿಗೆ ನಾ ಸುಮ್ಮನ ಬೈದೆ" ಎಂದ. ಅಪ್ಪ ಎದ್ದು ಹೊರಗೆ ಹೋದರು. ಅವ್ವ ಮಾತ್ರ, "ನನ್ನ ಬಾಯಿಗೆ ಬೆಂಕಿ ಬೀಳ್ಲಿ" ಎಂದು ವೈನಿಯ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ನನಗೆ ಬೈದವರು ಕಡಿಮೆ. ಬೈದಿದ್ದರೂ ಸರಿ, ಎದೆಯ ಮೇಲಿನ ಕಲ್ಲು ಇಳಿದಿತ್ತು, ಅಂದು ಎರಡು ರೊಟ್ಟಿ ಹೆಚ್ಚೇ ತಿಂದೆ.

ಮುಂದಿನ ಭಾನುವಾರ ವೈನಿ ತಾವಾಗಿಯೇ, "ನಡಿ, ಹಾವೇರಿಗೆ ಬಿಡು" ಎಂದರು. ಬೈಕಿನ ಎರಡೂ ಬ್ರೇಕ್ ನೋಡಿಕೊಂಡು ಹೊರಟೆ. ತಂಗಿ ಬಾಗಿಲಿಗೆ ಓಡಿಬಂದು, "ಈಗರ ಬಂದ್ಯಲ್ಲ ಅಕ್ಕಾ" ಎಂದು ತಬ್ಬಿಕೊಂಡಳು. ವೈನಿ ಎಲ್ಲ ಕೋಣೆ ಸುತ್ತಿ, ಅಡುಗೆಮನೆಯ ಕಪಾಟು ತೆಗೆದು, ಸಾಮಾನು ಇಟ್ಟ ರೀತಿ ಸರಿಯಿಲ್ಲ ಎಂದು ತಕರಾರು ತೆಗೆದರು. ಅಕ್ಕತಂಗಿಯರ ಜಗಳ ಕೇಳುತ್ತ ಹೊರಗೆ ಕುಳಿತಿದ್ದ ನನಗೆ ಅಷ್ಟು ನಿರಾಳ ಎಂದೂ ಆಗಿರಲಿಲ್ಲ.

ಮರಳಿ ಬರುವಾಗ ಹೈವೇಯಲ್ಲಿ ಹಿಂದಿನಿಂದ ವೈನಿಯ ದನಿ ಕೇಳಿತು: "ಹೇಳಿದ್ದು ಛಲೋ ಮಾಡ್ದಿ. ಆದ್ರ ನಿನ್ನ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲ. ಗೊತ್ತಿರ್ಲಿ."

"ಇರ್ಲಿರೀ ವೈನಿ," ಎಂದೆ. ಆ ಸಿಟ್ಟು ಬೇಗ ಹೋಗಲಿ ಎಂದು ಕೇಳಿಕೊಳ್ಳಲಿಲ್ಲ.